ತೋಟಕ್ಕೆ ಹೂಮಳೆ ಬಂತಾ

ಗುಂಪಿಗೆ ಸೇರಿದ ಮೂರನೇ ದಿನವೇ ನಾನು ಗುಂಪು ಬಿಟ್ಟೆ.

ವಾಟ್ಸಾಪ್ ಗುಂಪು ಅದು. ಮೋಟಾರ್ ನ್ಯೂರಾನ್ ಕಾಯಿಲೆ ಬಂದವರು, ಅವರ ಮನೆಯವರು, ಎಲ್ಲ ಸೇರಿ ನಲವತ್ತು ಜನ ಇರಬಹುದು. ಎಲ್ಲರೂ ಕನ್ನಡದವರೇ. ನನ್ನನ್ನು ಸೇರಿಸಿದ್ದು ಮಗಳು. ಮೊದಲೆರಡು ದಿನ ಎಲ್ಲರೂ ನಮಸ್ಕಾರ ಹೇಳಿದರು. ಯಾವೂರು ಅಂತ ಕೇಳಿದರು. ಮೂಡಿಗೆರೆ ಕಡೆ ಅಂದಾಗ ಮಳೆ ಹೇಗಿದೆ ಅಂತ ವಿಚಾರಿಸಿದರು. ಮೂರನೇ ದಿನ ಬೆಳಿಗ್ಗೆ ಚಿತ್ರದುರ್ಗದ ಒಬ್ಬ ಹೆಣ್ಣುಮಗಳು ತನ್ನ ಗಂಡನ ಫೋಟೋ ಹಾಕಿದರು. ಮಂಚದ ಮೇಲೆ ಮಲಗಿದ್ದಾರೆ. ಗಂಟಲಲ್ಲಿ ತೂತು, ಅದಕ್ಕೊಂದು ಕೊಳವೆ, ಕೊಳವೆಗೆ ಮಷೀನು. 'ಕೊಳವೆ ಸುತ್ತ ಕೆಂಪಾಗಿದೆ. ನಿಮ್ಮಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ?' ಅಂತ ಕೇಳಿದ್ದರು.

ನಾನು ಆಗಿನ್ನೂ ಜೀಪು ಓಡಿಸುತ್ತಿದ್ದೆ. ಕಣದಲ್ಲಿ ನಿಂತು ಆ ಫೋಟೋ ನೋಡಿದೆ. ಮೊಬೈಲು ಜೇಬಿಗೆ ಹಾಕಿಕೊಂಡೆ. ಅವತ್ತು ಊಟ ಸೇರಲಿಲ್ಲ. ರಾತ್ರಿ ಯಾರಿಗೂ ಹೇಳದೆ ಗುಂಪಿನಿಂದ ಹೊರಗೆ ಬಂದೆ.

ಈಗ ಅದೇ ಗುಂಪಿನಲ್ಲಿ ಮೂರನೇ ವರ್ಷ ನಡೆಯುತ್ತಿದೆ. ಈ ಕಾಯಿಲೆಯ ಹೆಸರನ್ನು ಹೊಸದಾಗಿ ಕೇಳಿಸಿಕೊಂಡವರು, ಅವರ ಮನೆಯವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬರೆಯುವುದು ಅಂದರೆ, ನಾನು ನಿಧಾನವಾಗಿ ಹೇಳುತ್ತೇನೆ, ಮಗಳು ಟೈಪ್ ಮಾಡುತ್ತಾಳೆ.

ಶುರುವಾಗಿದ್ದು 2021ರ ಫೆಬ್ರವರಿಯಲ್ಲಿ. ಕಾಫಿ ಕೊಯ್ಲು ಮುಗಿದು ಗಿಡಗಸಿ, ಅಂದರೆ ರೆಂಬೆ ಸವರುವ ಕೆಲಸ, ನಡೀತಿತ್ತು. ಕತ್ತರಿ ಎಷ್ಟು ಅಮುಕಿದರೂ ರೆಂಬೆ ತುಂಡಾಗುತ್ತಿರಲಿಲ್ಲ. ಕತ್ತರಿ ಮೊಂಡಾಗಿದೆ ಅಂದುಕೊಂಡು ಸಾಣೆ ಹಿಡಿಸಿದೆ. ಪಕ್ಕದಲ್ಲಿದ್ದ ಆಳು ಅದೇ ಕತ್ತರಿಯಲ್ಲಿ ಹೆಬ್ಬೆರಳು ಗಾತ್ರದ ರೆಂಬೆ ಕತ್ತರಿಸಿದ. ಆಮೇಲೆ ಅಂಗಿ ಗುಂಡಿ ಹಾಕಲು ಕಷ್ಟವಾಯಿತು. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಇಳಿದು ಗುಳಿ ಬಿತ್ತು. ರಾತ್ರಿ ಮಲಗಿದರೆ ತೋಳಿನ ಚರ್ಮದ ಕೆಳಗೆ ಹುಳ ಹರಿದ ಹಾಗೆ ಮಿಡಿಯುತ್ತಿತ್ತು. ಕುತ್ತಿಗೆ ನರ ಒತ್ತಿದೆ ಅಂದರು. ತಿಂಗಳುಗಟ್ಟಲೆ ಕುತ್ತಿಗೆಗೆ ಪಟ್ಟಿ ಹಾಕಿಕೊಂಡೆ. ಒಂದು ಕಡೆ ಆಪರೇಷನ್‌ಗೆ ದಿನವನ್ನೂ ಕೊಟ್ಟಿದ್ದರು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಸಂಕೇತ ನೋಡುವ ಇಎಂಜಿ ಪರೀಕ್ಷೆ ಮಾಡಿ, ಬೇರೆ ಯಾವುದೂ ಅಲ್ಲ ಅಂತ ಒಂದೊಂದಾಗಿ ತೆಗೆದುಹಾಕಿ, ಹೆಸರು ಹೇಳಿದರು. ಅಷ್ಟು ಹೊತ್ತಿಗೆ ಒಂದು ವರ್ಷದ ಮೇಲೆ ಕಳೆದಿತ್ತು. ಗುಂಪಿನಲ್ಲಿ ಕೇಳಿದಾಗ ಗೊತ್ತಾಯಿತು, ಹೆಚ್ಚುಕಡಿಮೆ ಎಲ್ಲರಿಗೂ ಹೀಗೇ ತಡವಾಗಿದೆ.

ಡಾಕ್ಟರು ಒಳ್ಳೆಯವರು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮಿದುಳಿನಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ಬರದ ಸ್ನಾಯು ಸೊರಗುತ್ತದೆ. ಮಳೆಗಾಲದಲ್ಲಿ ನಮ್ಮೂರ ಲೈನು ಹೋಗುತ್ತದಲ್ಲ, ಟ್ರಾನ್ಸ್‌ಫಾರ್ಮರ್ ಸರಿ ಇದೆ, ಮನೆಯ ಬಲ್ಬೂ ಸರಿ ಇದೆ, ನಡುವಿನ ತಂತಿ ಹರಿದಿದೆ. ಹಾಗೆ. ಮುಟ್ಟಿದ್ದು ಗೊತ್ತಾಗುತ್ತದೆ, ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ಕೆಲವರಿಗೆ ಯೋಚನೆ, ನಡವಳಿಕೆಯಲ್ಲೂ ವ್ಯತ್ಯಾಸ ಬರುವುದುಂಟು. ನೂರಕ್ಕೆ ತೊಂಬತ್ತು ಜನರಿಗೆ ವಂಶದಲ್ಲಿ ಯಾರಿಗೂ ಇಲ್ಲದೆ ಸುಮ್ನೆ ಬರುತ್ತದೆ. ರಿಲುಜೋಲ್ 50 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ. ಅದಕ್ಕೆ ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. ಇಷ್ಟು ಹೇಳಿ, ಮತ್ತೆ ಮೂರು ತಿಂಗಳು ಬಿಟ್ಟು ಬನ್ನಿ ಅಂದರು.

ಆ ಮೂರು ತಿಂಗಳು ಹೇಗೆ ಬದುಕಬೇಕು ಅನ್ನುವುದು ಯಾವ ಚೀಟಿಯಲ್ಲೂ ಇರಲಿಲ್ಲ.

ಗುಂಪು ಬಿಟ್ಟ ಮಾರನೇ ದಿನ ಆ ಚಿತ್ರದುರ್ಗದವರಿಂದ ನನಗೊಬ್ಬನಿಗೇ ಮೆಸೇಜ್ ಬಂತು. 'ಅಣ್ಣಾ, ನನ್ನ ಫೋಟೋ ನೋಡಿ ಬಿಟ್ರಿ ಅನ್ನಿಸ್ತು. ಹೊಸಬರು ಇದ್ದಾರೆ ಅಂತ ನಾನು ಯೋಚನೆ ಮಾಡಬೇಕಿತ್ತು. ಬೇಕು ಅನ್ನಿಸಿದ ದಿನ ನನಗೆ ಬರೀರಿ.' ನಾನು ಉತ್ತರ ಕೊಡಲಿಲ್ಲ. ಐದು ತಿಂಗಳು ಕೊಡಲಿಲ್ಲ.

ಆ ಐದು ತಿಂಗಳಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ದಾರಿ ಹೇಳಿದರು. ಎಣ್ಣೆ, ಕಷಾಯ, ಹರಕೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1963ರಲ್ಲಿ ಇದೇ ಕಾಯಿಲೆ ಪತ್ತೆಯಾಗಿ 2018ರವರೆಗೆ ಬದುಕಿದ್ದರಲ್ಲ ಅಂತ ಧೈರ್ಯ ಹೇಳಿದರು. ಅವರೆಲ್ಲ ಪ್ರೀತಿಯಿಂದಲೇ ಹೇಳಿದ್ದು. ಆದರೆ ಡಾಕ್ಟರು ಮೊದಲೇ ಹೇಳಿದ್ದರು, ಅಷ್ಟು ವರ್ಷ ಬದುಕುವುದು ತೀರಾ ಅಪರೂಪ, ಒಬ್ಬರ ಕಾಯಿಲೆಯ ವೇಗ ಇನ್ನೊಬ್ಬರಿಗಿಲ್ಲ ಅಂತ. ಆ ಹೊತ್ತಿಗೆ ಒಂದು ಕಡೆಯಿಂದ ಫೋನ್ ಬಂತು. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ, ಆರು ಲಕ್ಷ, ಕೈ ಶಕ್ತಿ ವಾಪಸ್ ಬರುತ್ತದೆ. ಮೆಣಸು ಮಾರಿದ ದುಡ್ಡಿತ್ತು. ಉಳಿದಿದ್ದಕ್ಕೆ ಇವಳ, ನನ್ನ ಹೆಂಡತಿಯ, ಬಳೆ ಅಡವಿಡುವುದು ಅಂತ ಮಾತಾಯಿತು. ಮುಂಗಡ ಕಳಿಸುವ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ದಿಬ್ಬದ ಮೇಲಿನ ಹಲಸಿನ ಮರದ ಹತ್ತಿರ ಹೋದೆ. ಆಗ ನಮ್ಮಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲೇ, ಎರಡು ಕಡ್ಡಿ. ಚಿತ್ರದುರ್ಗದ ಅಕ್ಕನಿಗೆ ಬರೆದೆ.

ರಾತ್ರಿ ಹನ್ನೊಂದೂವರೆ. ಐದೇ ನಿಮಿಷಕ್ಕೆ ಉತ್ತರ ಬಂತು. ಗಂಡನ ಗಂಟಲಿನ ಕಫ ತೆಗೆಯಲು ಎದ್ದಿದ್ದರಂತೆ. 'ಕೊಡಬೇಡಿ ಅಣ್ಣಾ. ನಾವು ಕೊಟ್ಟಿದ್ದೇವೆ. ಸೈಟ್ ಮಾರಿದ್ವಿ.' ಮಾರನೇ ದಿನ ಗುಂಪಿನವರೊಬ್ಬರ ಕೈಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಕಳಿಸಿಕೊಟ್ಟರು. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆ ಬಿಟ್ಟರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ಲನ್ನು ಚಿಕಿತ್ಸೆ ಅಂತ ಮಾರುವ ಹಾಗಿಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ಅದಕ್ಕೆ ರೋಗಿಯ ಹತ್ತಿರ ದುಡ್ಡು ತೆಗೆದುಕೊಳ್ಳುವಂತಿಲ್ಲ. ಇವಳ ಬಳೆ ಕೈಯಲ್ಲೇ ಉಳಿಯಿತು. ನಾನು ಗುಂಪಿಗೆ ವಾಪಸ್ ಹೋದೆ.

ಅಷ್ಟರಲ್ಲಿ ಅಲ್ಲೊಂದು ಪದ್ಧತಿ ಬಂದಿತ್ತು. ನನ್ನಿಂದಲೇ ಬಂದಿದ್ದು ಅಂತ ಆಮೇಲೆ ತಿಳಿಯಿತು. ಕೊಳವೆ, ಮಷೀನು, ಕೊನೆಯ ದಿನಗಳ ವಿಷಯ ಬರೆಯುವವರು ಮೊದಲ ಸಾಲಿನಲ್ಲಿ 'ಮುಂದಿನ ಮಾತು' ಅಂತ ಹಾಕಿ, ಒಂದಷ್ಟು ಸಾಲು ಖಾಲಿ ಬಿಟ್ಟು ಆಮೇಲೆ ಬರೆಯಬೇಕು. ಓದುವ ಧೈರ್ಯ ಇದ್ದವರು ಮುಟ್ಟಿ ತೆರೆಯುತ್ತಾರೆ. ಇಲ್ಲದವರು ದಾಟಿ ಹೋಗುತ್ತಾರೆ. ಮೊದಲ ಕೆಲವು ತಿಂಗಳು ನಾನು ಎಲ್ಲವನ್ನೂ ದಾಟಿದೆ. ಆದರೆ ಈ ಕಾಯಿಲೆಯಲ್ಲಿ ಕೆಲಸಕ್ಕೆ ಬರುವುದೆಲ್ಲ ಮುಂಚೆಯೇ ಮಾಡಬೇಕಾದದ್ದು. ಉಸಿರಿನ ಮಷೀನು, ಹೊಟ್ಟೆಯ ಕೊಳವೆ, ದನಿ ಉಳಿಸಿಕೊಳ್ಳುವುದು, ಯಾವುದನ್ನೂ ಬೇಕಾದ ಮೇಲೆ ನೋಡೋಣ ಅನ್ನುವ ಹಾಗಿಲ್ಲ. ಇದು ಅರ್ಥವಾಗಲು ನನಗೆ ಒಂದು ಮಳೆಗಾಲ ಬೇಕಾಯಿತು.

ಇನ್ನೊಂದು ಕಟ್ಟುನಿಟ್ಟು ಇದೆ. ಯಾರೂ ಯಾರಿಗೂ ಔಷಧಿಯ ಪ್ರಮಾಣ ಹೇಳಬಾರದು. 'ಡಾಕ್ಟರನ್ನು ಇದನ್ನು ಕೇಳಿ' ಅನ್ನಬಹುದು, ಅಷ್ಟೇ. ಏಕೆ ಅಂತ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಹೇಳಿದ. ಅವನ ತಾಯಿಗೆ ಈ ಕಾಯಿಲೆ. ಅಮೆರಿಕದಲ್ಲಿ ಸ್ಟೀಫನ್ ಹೇವುಡ್ ಎಂಬವರಿಗೆ ಇದೇ ಕಾಯಿಲೆ ಬಂದಾಗ ಅವರ ಅಣ್ಣತಮ್ಮಂದಿರು ಸೇರಿ ಪೇಷೆಂಟ್ಸ್‌ಲೈಕ್‌ಮಿ ಅಂತ ಒಂದು ತಾಣ ಶುರುಮಾಡಿದ್ದರು. ರೋಗಿಗಳು ತಮ್ಮ ತಮ್ಮ ಸ್ಥಿತಿ ಅಲ್ಲಿ ಬರೆದಿಡುತ್ತಿದ್ದರು. 2008ರಲ್ಲಿ ಇಟಲಿಯ ಸಂಶೋಧಕರು ಲಿಥಿಯಂ ಅನ್ನುವ ಔಷಧಿ ಕೊಟ್ಟರೆ ಈ ಕಾಯಿಲೆ ನಿಧಾನವಾಗುತ್ತದೆ ಅಂತ ಪ್ರಕಟಿಸಿದರು. ನೂರಕ್ಕೂ ಹೆಚ್ಚು ರೋಗಿಗಳು ತಾವೇ ಲಿಥಿಯಂ ತೆಗೆದುಕೊಳ್ಳಲು ಶುರುಮಾಡಿ ಲೆಕ್ಕ ಇಟ್ಟರು. 2011ರಲ್ಲಿ ಆ ಲೆಕ್ಕ ಪ್ರಕಟವಾಯಿತು. ಲಿಥಿಯಂನಿಂದ ಏನೂ ಉಪಯೋಗವಿಲ್ಲ. ಆ ಹುಡುಗ ಇದನ್ನು ಹೇಳಿ, 'ಅವರು ಒಟ್ಟಿಗೆ ಲೆಕ್ಕ ಇಟ್ಟಿದ್ದಕ್ಕೆ ಸತ್ಯ ಬೇಗ ಗೊತ್ತಾಯ್ತು. ನಾವು ಒಬ್ಬೊಬ್ಬರೇ ಕದ್ದು ತಿಂದರೆ ಏನೂ ಗೊತ್ತಾಗಲ್ಲ' ಅಂದ. ಆ ಮಾತು ನನಗೆ ಬಹಳ ಹಿಡಿಸಿತು.

ಗುಂಪಿನಲ್ಲಿ ಸಿಕ್ಕಿದ್ದು ದೊಡ್ಡ ಸಂಗತಿಗಳೇ ಅಲ್ಲ. ಚಮಚದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದರೆ ಹಿಡಿಯಲು ದಪ್ಪ ಸಿಗುತ್ತದೆ. ಅಂಗಿ ಗುಂಡಿ ತೆಗೆದು ಅಂಟುಪಟ್ಟಿ ಹೊಲಿಸಿದರೆ ಬೇರೆಯವರ ಕೈ ಕಾಯಬೇಕಿಲ್ಲ. ಅಂಗವಿಕಲರ ಪ್ರಮಾಣಪತ್ರಕ್ಕೆ ಹೋಗುವಾಗ ಇಎಂಜಿ ವರದಿಯ ಎರಡು ನಕಲು ಇಟ್ಟುಕೊಳ್ಳಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಮೊದಲೇ ಹಾಕಿ, ನಡೆಯಲು ಆಗುವಾಗಲೇ ಆ ಓಡಾಟ ಮುಗಿಸಿ ಅಂದರು. ಮುಗಿಸಿದೆ.

ಊಟದ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಗಟ್ಟಿ ಪದಾರ್ಥ ಸಿಕ್ಕಿಕೊಳ್ಳುತ್ತದೆ, ನೀರಾದದ್ದು ಸಲೀಸು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಗಂಟಲಿನ ಸ್ನಾಯು ಸೋತವರಿಗೆ ಉಲ್ಟಾ. ನೀರು, ಸಾರು, ಮಜ್ಜಿಗೆ, ಇವೇ ಮೊದಲು ಶ್ವಾಸನಾಳಕ್ಕೆ ಇಳಿಯುವುದು. ನನಗೆ ಮೊದಲು ಕೆಮ್ಮು ಬರಿಸಿದ್ದು ಕಾಫಿ. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಬೆಳೆದವನು. ಆ ಬೆಳಿಗ್ಗೆ ಒಂದು ಗುಟುಕಿಗೆ ಅರ್ಧ ಗಂಟೆ ಕೆಮ್ಮಿ ಮುಖ ನೀಲಿಗಟ್ಟಿತು. ಇವಳು ಬೆನ್ನು ಸವರುತ್ತಾ ಅಳುತ್ತಿದ್ದಳು. ಗುಂಪಿನಲ್ಲಿ ಕೇಳಿದಾಗ ದಾವಣಗೆರೆಯ ಮೇಷ್ಟ್ರ ಹೆಂಡತಿ ಒಂದು ವಿಡಿಯೋ ಕಳಿಸಿದರು. ಗದ್ದವನ್ನು ಎದೆಗೆ ತಾಗಿಸಿ ನುಂಗುವುದು. ತಲೆ ಹಿಂದಕ್ಕೆ ಎತ್ತಲೇಬಾರದು. ಒಂದು ಗುಟುಕು, ಒಂದು ವಿರಾಮ. ಕುಡಿಯುವುದನ್ನು ಗಂಜಿಯ ಹದಕ್ಕೆ ತರಬೇಕು. 'ಆದರೂ ನುಂಗುವುದನ್ನು ಪರೀಕ್ಷೆ ಮಾಡುವ ಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿ, ಒಬ್ಬೊಬ್ಬರಿಗೂ ಬೇರೆ' ಅಂತ ಸೇರಿಸಿದ್ದರು. ತೋರಿಸಿದೆವು. ಈಗ ಇವಳು ಹಾಲಿಗೆ ರಾಗಿ ಹಿಟ್ಟು ಕದಡಿ ಕಾಯಿಸಿ, ಅದಕ್ಕೆ ಡಿಕಾಕ್ಷನ್ ಬೆರೆಸಿ, ಸಣ್ಣ ಚಮಚದಲ್ಲಿ ಕೊಡುತ್ತಾಳೆ. ನಮ್ಮ ತೋಟದ ಕಾಫಿಯ ವಾಸನೆ ಹಾಗೇ ಇದೆ.

ಹೇಳಲು ಬಹಳ ನಾಚಿಕೆಪಟ್ಟ ಒಂದು ಸಂಗತಿಯೂ ಇದೆ. ನಮ್ಮ ಚಿಕ್ಕಪ್ಪ ತೀರಿಕೊಂಡರು. ನನ್ನನ್ನು ಎತ್ತಿ ಆಡಿಸಿದವರು. ಹೆಣದ ಮುಂದೆ ನಿಂತವನಿಗೆ ನಗು ಬಂತು. ಒಳಗೆ ದುಃಖ ಉಕ್ಕುತ್ತಿದೆ, ಹೊರಗೆ ಗಹಗಹಿಸಿ ನಗುತ್ತಿದ್ದೇನೆ. ತಡೆಯಲು ಹೋದಷ್ಟೂ ಜಾಸ್ತಿಯಾಯಿತು. ಇವಳು ನನ್ನನ್ನು ಎಳೆದುಕೊಂಡು ಹೊರಗೆ ಬಂದಳು. ಅಂಗಳದಲ್ಲಿದ್ದವರ ಮುಖ ನನಗೆ ಇವತ್ತಿಗೂ ಮರೆತಿಲ್ಲ. ನನ್ನ ತಲೆ ಕೆಟ್ಟಿತು ಅಂದುಕೊಂಡೆ. ಹದಿನೈದು ದಿನ ಯಾರ ಮನೆಗೂ ಹೋಗಲಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಗುಂಪಿನಲ್ಲಿ ಬರೆದೆ. ಕಾಲು ಗಂಟೆಯೊಳಗೆ ಆರು ಜನ ಉತ್ತರಿಸಿದರು. ಒಬ್ಬರಿಗೆ ಮಗಳ ಧಾರೆ ಹೊತ್ತಿನಲ್ಲಿ ಅಳು ನಿಂತಿರಲಿಲ್ಲ. ಒಬ್ಬರಿಗೆ ಬ್ಯಾಂಕಿನಲ್ಲಿ ನಗು. ಅಳು ನಗುವನ್ನು ಹದ್ದುಬಸ್ತಿನಲ್ಲಿಡುವ ಮಿದುಳಿನ ದಾರಿಗಳಿಗೂ ಈ ಕಾಯಿಲೆ ಪೆಟ್ಟು ಕೊಡುತ್ತದೆ. ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೊಂದು ಹೆಸರಿದೆ, ಸೂಡೋಬಲ್ಬಾರ್ ಅಫೆಕ್ಟ್. ಡಾಕ್ಟರಿಗೆ ಹೇಳಿದರೆ ಔಷಧಿಯೂ ಇದೆ. ಇಷ್ಟು ದಿನ ನಾನು ಡಾಕ್ಟರಿಗೂ ಹೇಳಿರಲಿಲ್ಲ, ಇದು ಕಾಯಿಲೆ ಅಂತಲೇ ಗೊತ್ತಿರಲಿಲ್ಲವಲ್ಲ. ಇವಳು ಮೊಬೈಲು ತೆಗೆದುಕೊಂಡು ಸೀದಾ ಚಿಕ್ಕಮ್ಮನ ಮನೆಗೆ ಹೋದಳು. ಚಿತ್ರದುರ್ಗದ ಅಕ್ಕ ಮಾತಾಡಿ ಕಳಿಸಿದ್ದ ವಾಯ್ಸ್ ಮೆಸೇಜನ್ನು ಚಿಕ್ಕಮ್ಮನಿಗೆ ಕೇಳಿಸಿದಳು. ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದು ನನ್ನ ತಲೆ ನೇವರಿಸಿ, 'ಅಷ್ಟು ಸಂಕಟ ಒಬ್ಬನೇ ನುಂಗಿದ್ಯಲ್ಲ ಮಗಾ' ಅಂದರು.

2024ರ ಮಳೆಗಾಲಕ್ಕೆ ಉಸಿರಿನ ತೊಂದರೆ ಶುರುವಾಯಿತು. ನನಗೆ ಅದು ಉಸಿರಿನದ್ದು ಅಂತಲೇ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದರೆ ತಲೆನೋವು, ಹಗಲೆಲ್ಲ ತೂಕಡಿಕೆ, ರಾತ್ರಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಕೊರೋನಾ ಕಾಲದಲ್ಲಿ ತಂದ ಆಕ್ಸಿಜನ್ ಯಂತ್ರ ಭಾವನ ಮನೆಯಲ್ಲಿತ್ತು. ತಂದು ಹಚ್ಚುವುದು ಅಂತ ಆಯಿತು. ಮಗಳು ಸುಮ್ನೆ ಗುಂಪಿನಲ್ಲಿ ಒಂದು ಮಾತು ಹಾಕಿದಳು. ಒಬ್ಬರ ಹಿಂದೆ ಒಬ್ಬರು ಫೋನ್ ಮಾಡಿದರು. ಬೇಡ, ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಈ ಕಾಯಿಲೆಯಲ್ಲಿ ಶ್ವಾಸಕೋಶ ಕೆಟ್ಟಿರುವುದಿಲ್ಲ, ಗಾಳಿ ಎಳೆದು ಬಿಡುವ ವಪೆ ಸೋತಿರುತ್ತದೆ. ಒಳಗಿನ ಕಾರ್ಬನ್ ಡೈ ಆಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ, ಅದಕ್ಕೇ ಬೆಳಗಿನ ತಲೆನೋವು. ಬರೀ ಆಮ್ಲಜನಕ ಕೊಟ್ಟರೆ ಅದು ಇನ್ನೂ ಏರಿ ಅಪಾಯ ಆಗಬಹುದು. ಬೇಕಾದದ್ದು ಗಾಳಿಯನ್ನು ಒತ್ತಿ ಕೊಡುವ ಬೈಪ್ಯಾಪ್. ಮಾರನೇ ದಿನ ಬೇಲೂರು ದಾರಿಯಲ್ಲಿ ಹಾಸನಕ್ಕೆ ಹೋಗಿ ಶ್ವಾಸಕೋಶದ ಡಾಕ್ಟರಿಗೆ ತೋರಿಸಿದೆವು. ರಕ್ತ ಪರೀಕ್ಷೆ ಅದನ್ನೇ ಹೇಳಿತು.

ಮಷೀನು ಬಂತು. ಮೊದಲ ವಾರ ಮುಖವಾಡ ಹಾಕಿದರೆ ಉಸಿರು ಕಟ್ಟಿದ ಹಾಗಾಗಿ ಕಿತ್ತೆಸೆಯುತ್ತಿದ್ದೆ. ಹಗಲು ಟಿವಿ ನೋಡುವಾಗ ಹತ್ತು ನಿಮಿಷ ಹಾಕಿಕೊಳ್ಳಿ, ನಿದ್ದೆಗೆ ಆಮೇಲೆ ಅಂತ ಕೋಲಾರ ಕಡೆಯ ಹುಡುಗ ಬರೆದ. ಅವನಿಗಿರುವುದು ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ. ನಮ್ಮ ದಕ್ಷಿಣದಲ್ಲೇ ಹೆಚ್ಚಾಗಿ ಕಾಣುವುದು, ಚಿಕ್ಕ ವಯಸ್ಸಿಗೇ ಬರುವುದು, ಕಿವಿಯನ್ನೂ ಕೆಡಿಸುವುದು. ಅದು ನಿಧಾನವಾಗಿ ಸಾಗುತ್ತದಂತೆ. ಅವನು ಬರೆದದ್ದನ್ನೇ ಮಾಡಿದೆ. ಹತ್ತು ದಿನಕ್ಕೆ ಒಗ್ಗಿತು. ತಿಂಗಳುಗಳ ಮೇಲೆ ಮೊದಲ ಸಲ ಬೆಳಿಗ್ಗೆ ತಲೆ ಹಗುರಾಗಿತ್ತು.

ಆದರೆ ನಮ್ಮದು ಮಲೆನಾಡು. ಜುಲೈನಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಡಾಕ್ಟರ ಹತ್ತಿರವಲ್ಲ, ಶಿರಸಿ ಕಡೆಯ ಅಡಿಕೆ ಬೆಳೆಗಾರರ ಹತ್ತಿರ. ಅವರ ತಂದೆಗೂ ಈ ಮಷೀನು ಇದೆ. ಗಾಳಿ ಬೆಚ್ಚಗೆ ಮಾಡುವ ಹ್ಯೂಮಿಡಿಫೈಯರ್‌ನ ಹೀಟರೇ ಜಾಸ್ತಿ ಕರೆಂಟ್ ತಿನ್ನುವುದು, ಇನ್ವರ್ಟರ್ ಮೇಲೆ ಓಡಿಸುವಾಗ ಅದನ್ನು ಬಂದ್ ಮಾಡಿ ಅಂದರು. ಮಷೀನಿಗೆ ಬೇರೆಯೇ ಬ್ಯಾಟರಿ ಇಡಿ, ಟಿವಿ ಫ್ರಿಜ್ ಅದಕ್ಕೆ ಸೇರಿಸಬೇಡಿ. ತಲೆದಿಂಬಿನ ಹತ್ತಿರ ಕೈಯಲ್ಲಿ ಅಮುಕುವ ಆಂಬು ಬ್ಯಾಗ್ ಇರಲಿ, ಮನೆಯ ಎಲ್ಲರೂ ಡಾಕ್ಟರ ಹತ್ತಿರ ಅದನ್ನು ಕಲಿತಿರಲಿ. ಆ ಮಳೆಯಲ್ಲಿ ಒಂದು ರಾತ್ರಿ ಬ್ಯಾಟರಿ ಕೂಡ ಮುಗಿಯಿತು. ಮಗಳು ಜೀಪಿನ ಬ್ಯಾಟರಿ ಬಿಚ್ಚಿ ತಂದು ಇನ್ವರ್ಟರಿಗೆ ಹಚ್ಚುವವರೆಗೆ ಇವಳು ಆಂಬು ಬ್ಯಾಗ್ ಒತ್ತಿದಳು. ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು. ನಾನು ಇವಳ ಮುಖವನ್ನೇ ನೋಡುತ್ತಿದ್ದೆ. ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದಳು. ಎಣಿಕೆ ತಪ್ಪಲಿಲ್ಲ.

ಆ ವರ್ಷದ ದೀಪಾವಳಿ ಹೊತ್ತಿಗೆ ಚಿತ್ರದುರ್ಗದ ಅಕ್ಕನ ಗಂಡ ಹೋದರು. ಗುಂಪಿನಲ್ಲಿ ಸಾವು ಹೊಸದಲ್ಲ. ನಾನು ಸೇರಿದ ಮೇಲೆ ಒಂಬತ್ತು ಜನ ಹೋಗಿದ್ದಾರೆ. ಪ್ರತಿ ಸಲವೂ ಒಂದು ದಿನ ಯಾರೂ ಬೇರೆ ವಿಷಯ ಎತ್ತುವುದಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಗೆಳೆತನ ಬೆಳೆದ ಮೇಲೆ ಈ ಸುದ್ದಿಗಳು ತೀರಾ ನೋಯಿಸುತ್ತವೆ. ಕೆಲವರು ತಡೆಯಲಾರದೆ ಬಿಟ್ಟು ಹೋಗುತ್ತಾರೆ, ಅದು ತಪ್ಪಲ್ಲ. ಅಕ್ಕ ಹದಿಮೂರನೇ ದಿನ ಬರೆದರು, 'ಇನ್ನು ನನಗೆ ಇಲ್ಲಿ ಕೆಲಸ ಇಲ್ಲ, ಬಿಡಲಾ?' ಯಾರೂ ಬಿಡಿ ಅನ್ನಲಿಲ್ಲ. ಈಗಲೂ ರಾತ್ರಿ ಹನ್ನೊಂದೂವರೆಗೆ ಬರೆದರೆ ಅವರು ಉತ್ತರ ಕೊಡುತ್ತಾರೆ. ಆ ಹೊತ್ತಿಗೆ ಎಚ್ಚರವಾಗುವ ಅಭ್ಯಾಸ ಹೋಗಿಲ್ಲವಂತೆ.

ದನಿಯ ವಿಷಯಕ್ಕೆ ಬರುತ್ತೇನೆ. ಕೈ ಹೋದ ಮೇಲೆ ನಾನು ಮೊಬೈಲಿಗೆ ಬಾಯಲ್ಲಿ ಹೇಳಿ ಕನ್ನಡ ಬರೆಸುತ್ತಿದ್ದೆ. ಚೆನ್ನಾಗಿ ಬರೆಯುತ್ತಿತ್ತು. ಒಂದು ದಿನ 'ಗೊಬ್ಬರ' ಅಂದರೆ ಬೇರೇನೋ ಬರೆಯಿತು. ಮತ್ತೆ ಹೇಳಿದೆ, ಮತ್ತೆ ತಪ್ಪು. ಮೊಬೈಲು ಕೆಟ್ಟಿದೆ ಅಂತ ಮಗಳಿಗೆ ಕೊಟ್ಟೆ. ಅವಳು ಹೇಳಿದ್ದನ್ನೆಲ್ಲ ಸರಿಯಾಗಿ ಬರೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಮಾತು ತೊದಲುತ್ತಿದೆ ಅನ್ನುವುದು ಮನೆಯವರ ಕಿವಿಗೆ ಬೀಳುವ ಮೊದಲು ಮೊಬೈಲಿಗೆ ಗೊತ್ತಾಗಿತ್ತು.

ದನಿ ಇರುವಾಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ ಅಂತ ಗುಂಪಿನಲ್ಲಿ ಎರಡು ವರ್ಷದಿಂದ ಹೇಳುತ್ತಿದ್ದರು. ನಾನು ಆ 'ಮುಂದಿನ ಮಾತು' ತೆರೆದೇ ಇರಲಿಲ್ಲ. ಅವತ್ತು ತೆರೆದೆ. ಮಗಳು ಕಿಟಕಿ ಮುಚ್ಚಿ, ಮಿಕ್ಸಿ ಫ್ಯಾನು ನಿಲ್ಲಿಸಿ, ಮೊಬೈಲು ಹಿಡಿದಳು. ನೀರು ಬೇಕು. ಕಾಲು ನೀಡು. ಮಗ್ಗಲು ಬದಲಿಸು. ಬೆನ್ನು ಕಡಿಯುತ್ತಿದೆ. ಇಂಥವು ಎಪ್ಪತ್ತು ಆಯಿತು. ಆಮೇಲೆ ಇವಳನ್ನು ಹೆಸರು ಹಿಡಿದು ಕರೆದದ್ದು, ಮಗಳನ್ನು 'ಪುಟ್ಟೀ' ಅಂತ ಕರೆದದ್ದು, ನಾಯಿಯನ್ನು ಕರೆದದ್ದು. ನನ್ನ ಮಾತು ಆಗಲೇ ಸ್ವಲ್ಪ ಎಳೆಯುತ್ತಿತ್ತು. ಒಂದು ವರ್ಷ ಮೊದಲು ಮಾಡಿದ್ದರೆ ಸ್ವಚ್ಛವಾಗಿರುತ್ತಿತ್ತು. ಈ ಒಂದು ವಿಷಯಕ್ಕೆ ನನಗೆ ಪಶ್ಚಾತ್ತಾಪವಿದೆ. ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ ಇವತ್ತೇ ಮಾಡಿ.

ಮಾತು ಪೂರ್ತಿ ನಿಂತ ಮೇಲೆ ಏನು ಅನ್ನುವುದನ್ನು ತೋರಿಸಿಕೊಟ್ಟವರು ದಾವಣಗೆರೆಯ ಮೇಷ್ಟ್ರು. ಈ ಕಾಯಿಲೆಯಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಉಳಿಯುತ್ತದೆ. ಅವರಿಗೆ ಉಳಿದಿರುವುದು ಅದೊಂದೇ. ಸಿಗುವ ಅಕ್ಷರದ ಹಲಗೆಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ನಲವತ್ತೊಂಬತ್ತು ಅಕ್ಷರ, ಮೇಲೆ ಕಾಗುಣಿತ, ಒತ್ತು. ಅಷ್ಟನ್ನೂ ಕಣ್ಣಿನಲ್ಲಿ ತೋರಿಸುವುದು ಹೇಗೆ? ಮೂವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ತಿದ್ದಿಸಿದವರು ಅವರು. ಹಲಗೆಯನ್ನು ತಾವೇ ಕಟ್ಟಿದರು. ಮಹಾಪ್ರಾಣ ಬೇಡ. ಒತ್ತು, ಗುಣಿತ ಬೇಡ, ಕೇಳುವವರು ಊಹಿಸಿಕೊಳ್ಳಲಿ. ಸ್ವರಕ್ಕೆ ಒಂದು ಸಾಲು. ಆಮೇಲೆ ಕ ಗ, ಚ ಜ, ಟ ಡ ಣ, ತ ದ ನ, ಪ ಬ ಮ. ಕೊನೆಗೆ ಯ ರ ಲ ವ, ಸ ಶ ಹ ಳ. ಹೆಂಡತಿ ಮೊದಲು ಸಾಲು ಕೇಳುತ್ತಾರೆ, 'ಕ ಸಾಲಾ? ಚ ಸಾಲಾ?' ಅವರು ಕಣ್ಣು ಮೇಲೆತ್ತಿದರೆ ಹೌದು. ಆಮೇಲೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ. ನಮ್ಮ ಅಕ್ಷರಗಳು ಮೊದಲೇ ಸಾಲುಸಾಲಾಗಿ ಜೋಡಿಸಿಟ್ಟವು ಅಲ್ವ, ಹಲಗೆ ನೋಡದೆಯೂ ನಡೆಯುತ್ತದೆ. ಕತ್ತಲಲ್ಲಿ ಬ್ಯಾಟರಿ ಬೆಳಕು ಕಣ್ಣಿನ ಹತ್ತಿರ ಹಿಡಿದರೆ ಸಾಕು.

ಭಾನುವಾರ ಸಂಜೆ ನಾಲ್ಕಕ್ಕೆ ನಾವೆಲ್ಲ ವಿಡಿಯೋದಲ್ಲಿ ಸೇರುತ್ತೇವೆ. ನನಗೆ ದಿಬ್ಬ ಹತ್ತಲು ಆಗದ ಮೇಲೆ ಸಿಲ್ವರ್ ಮರಗಳ ಮೇಲಿಂದ ಕೇಬಲ್ ಎಳೆಸಿ ಮನೆಗೇ ಇಂಟರ್‌ನೆಟ್ ತಂದಿದ್ದೇವೆ. ಕೋಲಾರದ ಹುಡುಗನಿಗಾಗಿ ಒಬ್ಬರು ಮಾತನ್ನೆಲ್ಲ ಟೈಪ್ ಮಾಡುತ್ತಾರೆ. ಈ ಸಲ ಮಾರ್ಚ್ ಕೊನೆಯ ಭಾನುವಾರ ಮೇಷ್ಟ್ರು ಏನೋ ಹೇಳಬೇಕು ಅಂತ ಅವರ ಹೆಂಡತಿ ಹೇಳಿದರು. ಎಲ್ಲರೂ ಸುಮ್ಮನಾದೆವು.

ತ. ಟ. 'ತಟ್ಟೆಯಾ?' ಅಂತ ಹೆಂಡತಿ ಕೇಳಿದರು. ಕಣ್ಣು ಎತ್ತಲಿಲ್ಲ. 'ತುಟಿ ಒಣಗಿದೆಯಾ?' ಇಲ್ಲ. ಕ. 'ತೋಟಕ್ಕೆ!' ಕಣ್ಣು ಮೇಲೆ ಹೋಯಿತು. ಹ. ಮ. ಳ. ಅಲ್ಲಿ ಅವರಿಗೆ ಗೊತ್ತಾಗಲಿಲ್ಲ, ದಾವಣಗೆರೆಯವರಲ್ಲವೇ. ಎರಡು ಸಲ ಕೇಳಿದರು. ಯಾರೂ ಬಾಯಿ ಹಾಕಲಿಲ್ಲ. ಯಾರ ಮಾತನ್ನೂ ಬೇರೆಯವರು ಮುಗಿಸಬಾರದು ಅನ್ನುವುದು ನಮ್ಮಲ್ಲಿ ಹೇಳದೆಯೇ ನಡೆದುಬಂದಿದೆ. ನನಗೆ ಆಗಲೇ ತಿಳಿದು ಗಂಟಲು ಕಟ್ಟಿತ್ತು. ಬ. ತ. ಹೆಂಡತಿ ಕಾಗದದ ಮೇಲೆ ಬರೆದುಕೊಂಡಿದ್ದನ್ನು ಜೋಡಿಸಿ ಓದಿದರು. 'ತೋಟಕ್ಕೆ ಹೂಮಳೆ ಬಂತಾ?'

ಹಿಂದಿನ ವಾರ ನಾನು ಹೇಳಿದ್ದೆ, ಕಾಫಿ ಹೂ ಅರಳಲು ಬೇಕಾದ ಹೂಮಳೆ ಇನ್ನೂ ಆಗಿಲ್ಲ, ತಡವಾದರೆ ಮೊಗ್ಗು ಒಣಗುತ್ತದೆ ಅಂತ. ಅದನ್ನು ನೆನಪಿಟ್ಟುಕೊಂಡು, ನಾಲ್ಕೈದು ನಿಮಿಷ ಕಣ್ಣಿನಲ್ಲೇ ದುಡಿದು ಕೇಳಿದ್ದರು. ಗುರುವಾರ ರಾತ್ರಿ ಒಂದು ಇಂಚು ಬಂದಿದೆ ಸರ್, ಅಂದೆ. ನನ್ನ ಮಾತು ಸರಿಯಾಗಿ ಹೊರಡಲಿಲ್ಲ. ಅವರೂ ಕಾದರು.

ಹೋದ ತಿಂಗಳು ಅರಸೀಕೆರೆ ಕಡೆಯವರೊಬ್ಬರು ಗುಂಪಿಗೆ ಸೇರಿ ನಾಲ್ಕೇ ದಿನಕ್ಕೆ ಬಿಟ್ಟು ಹೋದರು. ಅವರಿಗೆ ಒಂದು ಸಾಲು ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅವಸರವಿಲ್ಲ.

ನನ್ನ ತೂಕ ಇಳಿಯುತ್ತಿದೆ. ಹೊಟ್ಟೆಗೆ ನೇರವಾಗಿ ಆಹಾರ ಹಾಕುವ ಪೆಗ್ ಕೊಳವೆಯನ್ನು ಉಸಿರಿನ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು ಅಂತಾರೆ. ನನ್ನದು ಈಗ ಶೇಕಡಾ 58. ಬರುವ ಮಂಗಳವಾರ ಬೆಂಗಳೂರಿಗೆ ಹೊರಡುತ್ತಿದ್ದೇವೆ. ಈ ಸಲ 'ಮುಂದಿನ ಮಾತು' ಅಂತ ಇದ್ದದ್ದನ್ನೆಲ್ಲ ಮೊದಲೇ ಓದಿದ್ದೇನೆ. ಬೈಪ್ಯಾಪನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿ, ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ ಅಂತ ಶಿರಸಿಯವರು ಬರೆದಿದ್ದಾರೆ. ಆಪರೇಷನ್ ಆದ ಮೇಲೆ ಒಂದೆರಡು ದಿನ ಮಾತಾಡಲು ಕಷ್ಟವಾಗಬಹುದು, ಅಕ್ಷರದ ಹಲಗೆ ಮರೆಯಬೇಡಿ ಅಂತ ಮೇಷ್ಟ್ರ ಹೆಂಡತಿ ನೆನಪಿಸಿದ್ದಾರೆ. ಅದಕ್ಕೆ ಲ್ಯಾಮಿನೇಷನ್ ಮಾಡಿಸಲು ಮಗಳು ಮೂಡಿಗೆರೆಗೆ ಹೋಗಬೇಕು. ಇಷ್ಟು ಟೈಪ್ ಮಾಡಿ ಹೊರಡುತ್ತೇನೆ ಅನ್ನುತ್ತಿದ್ದಾಳೆ.